ಭಯ, ಶೋಕ, ಹೊಣೆ

೧

೨೦೧೪ನೆಯ ಇಸವಿ ಜೂನ್ ತಿಂಗಳ ೮ನೆಯ ತಾರೀಖು, ಭಾನುವಾರ. ತೆಲಂಗಾಣ ರಾಜ್ಯ ಅಸ್ತಿತ್ವಕ್ಕೆ ಬಂದು ಆರು ದಿನಗಳಷ್ಟೇ ಆಗಿದ್ದವು. ಅಂದು ಸಂಜೆ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ಥಲೋಟ್ ಎಂಬಲ್ಲಿ ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಬಿಯಾಸ್ ನದಿಯ ಪಾತ್ರದೊಳಗಿನ ಬಂಡೆಗಳ ಮೇಲೆ ನಿಂತು ಛಾಯಾಚಿತ್ರ ತೆಗೆದುಕೊಳ್ಳುತ್ತಿದ್ದರು. ಮೇಲುಭಾಗದಲ್ಲಿದ್ದ ಲಾರ್ಜಿ ಜಲವಿದ್ಯುತ್ ಯೋಜನೆಯ ಅಣೆಕಟ್ಟಿನಿಂದ ನೀರು ಬಿಡಲಾಗಿತ್ತು. ನದಿ ಏರಿತು. ಕೆಲವೇ ನಿಮಿಷಗಳಲ್ಲಿ ೨೪ ಮಂದಿ ವಿದ್ಯಾರ್ಥಿಗಳೂ ಪ್ರವಾಸದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಒಬ್ಬರೂ ಕೊಚ್ಚಿಹೋದರು. ದೇಹಗಳ ಹುಡುಕಾಟ ವಾರಗಟ್ಟಲೆ ನಡೆಯಿತು. ದಡದಲ್ಲಿದ್ದವರು ಮೊಬೈಲಿನಲ್ಲಿ ಸೆರೆಹಿಡಿದ ಕೆಲವು ಕ್ಷಣಗಳ ದೃಶ್ಯವನ್ನು ದೂರದರ್ಶನದ ವಾಹಿನಿಗಳು ಮತ್ತೆ ಮತ್ತೆ ತೋರಿಸಿದವು. ಸುತ್ತಲೂ ನೀರು, ನಡುವೆ ಬಂಡೆ, ಅದರ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತ ಮಕ್ಕಳು. ಮರುಕ್ಷಣ ಬಂಡೆಯೂ ಇಲ್ಲ, ಮಕ್ಕಳೂ ಇಲ್ಲ.

ಆ ದೃಶ್ಯವನ್ನು ಕಂಡ ಸಾವಿರಾರು ಎಳೆಯರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಮನಸ್ಸಿನ ನಡೆಯನ್ನು ಇಲ್ಲಿ ಉದಾಹರಣೆಯಾಗಿ ಎತ್ತಿಕೊಳ್ಳಬಹುದು. ಅವಳ ಹೆಸರು ಇಲ್ಲಿ ಮುಖ್ಯವಲ್ಲ; ಅವಳಂಥವರು ಎಲ್ಲ ಕಾಲೇಜುಗಳಲ್ಲಿಯೂ ಇದ್ದಾರೆ. ಬೀದರ ಜಿಲ್ಲೆಯಲ್ಲಿ ಮಾಂಜ್ರಾ ನದಿಗೆ ಸಮೀಪದ ಹಳ್ಳಿಯವಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಣ್ಣ ಅದೇ ನದಿಯ ಮಡುವಿನಲ್ಲಿ ಮುಳುಗಿ ತೀರಿಕೊಂಡಿದ್ದ. ಅಂದಿನಿಂದ ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಗೋಡೆಯ ಮೇಲಿದ್ದ ಅವನ ಪಟ ಪೆಟ್ಟಿಗೆ ಸೇರಿತು. ನದಿಯ ಕಡೆಗೆ ಹೋಗಬಾರದೆಂಬ ಕಟ್ಟಳೆಯೊಂದೇ ಅವನ ನೆನಪಿಗೆ ಉಳಿದ ಗುರುತಾಯಿತು. ಬಿಯಾಸ್ ದುರಂತದ ಮರುದಿನ ತಾಯಿಯಿಂದ ಫೋನು ಬಂತು. "ಯವ್ವಾ, ಪರೀಕ್ಷಾ ಮುಗದ ಕೂಡಲೇ ಊರಿಗಿ ಬಂದುಬಿಡು. ಎಲ್ಲೂ ಟೂರಿಗಿ ಗೀರಿಗಿ ಹೋಗಬ್ಯಾಡ" ಎಂದ ತಾಯಿ ಅಣ್ಣನ ಮಾತು ತೆಗೆಯಲಿಲ್ಲ. ಮಗಳೂ ತೆಗೆಯಲಿಲ್ಲ.

ಆ ರಾತ್ರಿ ವಸತಿಗೃಹದ ಕೋಣೆಯಲ್ಲಿ ಅವಳು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಪ್ರಾಮಾಣಿಕವಾದ ಮಾತನ್ನು ಬರೆದುಕೊಂಡಳು. ಆ ದೃಶ್ಯ ಕಂಡೊಡನೆ ತನ್ನಲ್ಲಿ ಮೊದಲು ಹುಟ್ಟಿದ ಭಾವ ಸತ್ತವರ ಬಗೆಗಿನ ದುಃಖವಲ್ಲ, 'ಸದ್ಯ, ಅಲ್ಲಿ ನಾನಿರಲಿಲ್ಲ' ಎಂಬ ನಿಟ್ಟುಸಿರು ಎಂದು. ಆ ನಿಟ್ಟುಸಿರಿನ ಬೆನ್ನಿಗೇ ನಾಚಿಕೆ ಬಂತು. ನಾಚಿಕೆಯ ಬೆನ್ನಿಗೆ, ನಾಳೆ ಅಲ್ಲಿ ತಾನೂ ಇರಬಹುದೆಂಬ ಭಯ ಬಂತು. ಇಷ್ಟಾದರೂ ಕಣ್ಣೀರು ಬರಲಿಲ್ಲ. ಅವಳನ್ನು ಹೆಚ್ಚು ಕಾಡಿದ್ದು ಇದೇ. ಅಣ್ಣ ಸತ್ತಾಗಲೂ ತಾನು ಹೆದರಿದ್ದೆನೇ ಹೊರತು ಅತ್ತಿರಲಿಲ್ಲವೆಂಬುದು ಆಗ ಅವಳಿಗೆ ನೆನಪಾಯಿತು.

ಈ ತಬ್ಬಿಬ್ಬು ಒಬ್ಬಳದಲ್ಲ, ಒಂದು ತಲೆಮಾರಿನದು. ಹೈದರಾಬಾದಿನ ವಿದ್ಯಾರ್ಥಿಗಳಿಗೆ ಭಯದ ಸುದ್ದಿ ಹೊಸದೇನಲ್ಲ. ೨೦೦೭ರ ಆಗಸ್ಟ್ ೨೫ರ ಸಂಜೆ ಲುಂಬಿನಿ ಉದ್ಯಾನದಲ್ಲಿಯೂ ಕೋಠಿಯ ಗೋಕುಲ್ ಚಾಟ್ ಅಂಗಡಿಯಲ್ಲಿಯೂ ಬಾಂಬುಗಳು ಸಿಡಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅಧ್ಯಯನ ಪ್ರವಾಸಕ್ಕೆಂದು ಬಂದಿದ್ದ ಮಹಾರಾಷ್ಟ್ರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅವರಲ್ಲಿದ್ದರು. ೨೦೧೩ರ ಫೆಬ್ರವರಿ ೨೧ರಂದು ದಿಲ್‌ಸುಖ್‌ನಗರದಲ್ಲಿ, ತರಬೇತಿ ಕೇಂದ್ರಗಳಿಂದ ಹೊರಬಂದ ಹುಡುಗ ಹುಡುಗಿಯರು ಬಸ್ಸಿಗೆ ಕಾಯುವ ಹೊತ್ತಿನಲ್ಲಿ, ಅದೇ ಮರುಕಳಿಸಿತು. ಪ್ರತಿ ಸಲವೂ ಊರಿನಿಂದ ಫೋನು, ಕೆಲವು ದಿನಗಳ ಅಂಜಿಕೆ, ಅನಂತರ ಮರೆವು. ಮುಂದಿನ ಸುದ್ದಿ ಬರುವ ತನಕ ಹೀಗೆಯೇ. ಈ ಸುತ್ತಿನಿಂದ ಹೊರಬರುವ ದಾರಿ ಯಾವುದು ಎಂಬುದು ವಿಚಾರಾರ್ಹವಾದ ಪ್ರಶ್ನೆ.

೨

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಈ ಪ್ರಶ್ನೆಗೆ ಸಂಬಂಧಿಸಿದ ಒಂದು ವಿವೇಕ ಅಡಗಿದೆ. ಭರತನ ನಾಟ್ಯಶಾಸ್ತ್ರ ಭಯಾನಕ ರಸಕ್ಕೆ ಭಯವನ್ನೂ ಕರುಣ ರಸಕ್ಕೆ ಶೋಕವನ್ನೂ ಸ್ಥಾಯಿಭಾವಗಳೆಂದು ಬೇರೆ ಬೇರೆಯಾಗಿ ಎಣಿಸುತ್ತದೆ. ವಿದ್ಯಾರ್ಥಿಗಳು ಪರೀಕ್ಷೆಗಾಗಿ ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಬರೆದು ಅಂಕ ಪಡೆಯುತ್ತಾರೆ. ಆದರೆ ಒಂದೇ ಘಟನೆಯ ಮುಂದೆ ನಿಂತ ಇಬ್ಬರಲ್ಲಿ ಒಬ್ಬನಿಗೆ ಭಯವೂ ಮತ್ತೊಬ್ಬನಿಗೆ ಶೋಕವೂ ಏಕೆ ಉಂಟಾಗುತ್ತದೆ ಎಂಬುದನ್ನು ತರಗತಿಯಲ್ಲಿ ಕೇಳುವವರು ವಿರಳ.

ಭಯದ ಮುಖ ತನ್ನ ಕಡೆಗೆ, ಶೋಕದ ಮುಖ ಇನ್ನೊಬ್ಬರ ಕಡೆಗೆ. ಹೆದರಿದವನು ತನಗೇನಾದೀತು ಎಂದು ನೋಡಿಕೊಳ್ಳುತ್ತಾನೆ. ಶೋಕಿಸುವವನು ಅವರಿಗೇನಾಯಿತು ಎಂದು ನೋಡುತ್ತಾನೆ. ಭಯಕ್ಕೆ ಸತ್ತವರ ಹೆಸರು ಬೇಕಿಲ್ಲ, ಸಂಖ್ಯೆ ಸಾಕು. ಶೋಕಕ್ಕೆ ಸಂಖ್ಯೆ ಸಾಲದು, ಹೆಸರು ಬೇಕು. ಭಯ ಓಡಿಹೋಗಲು ಹವಣಿಸುತ್ತದೆ. ಶೋಕ ಸತ್ತವರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತದೆ. ಭಯ ತೀರಿದ ಮೇಲೆ ಏನೂ ಉಳಿಯುವುದಿಲ್ಲ. ಶೋಕ ಮಾತ್ರ ತೀರುವಾಗ ನೆನಪನ್ನೂ, ಆ ನೆನಪಿನೊಡನೆ ಒಂದು ಹೊಣೆಯನ್ನೂ ಉಳಿಸಿಹೋಗುತ್ತದೆ.

ಸುದ್ದಿಮಾಧ್ಯಮದ ಸ್ವಭಾವವೇ ಭಯವನ್ನು ಬೇಗ ಹಂಚುವುದು. ಒಂದು ನಿಮಿಷದ ದೃಶ್ಯವನ್ನು ನೂರು ಸಲ ತೋರಿಸಿದರೆ ಸತ್ತವರ ಪರಿಚಯ ನೂರು ಪಟ್ಟು ಹೆಚ್ಚುವುದಿಲ್ಲ. ನೋಡುವವನ ಅಂಜಿಕೆ ಮಾತ್ರ ಹೆಚ್ಚುತ್ತದೆ, ಕಡೆಗೆ ಅದೂ ಮರಗಟ್ಟುತ್ತದೆ. ಆದ್ದರಿಂದ ಆ ವಿದ್ಯಾರ್ಥಿನಿಗೆ ಕಣ್ಣೀರು ಬಾರದಿದ್ದುದು ಅವಳ ಹೃದಯದ ದೋಷವಲ್ಲ. ಅಳಲು ಬೇಕಾದ ಪರಿಚಯವನ್ನು ಆ ದೃಶ್ಯ ಅವಳಿಗೆ ಕೊಡಲಿಲ್ಲ. ಅವಳ ಮನೆಯೂ ಕೊಟ್ಟಿರಲಿಲ್ಲ. ಅಣ್ಣನ ಹೆಸರೆತ್ತದ ಮನೆ ಅವನ ಸಾವಿನಿಂದ ಭಯವನ್ನು ಉಳಿಸಿಕೊಂಡು ಶೋಕವನ್ನು ಕೈಬಿಟ್ಟಿತ್ತು. ನದಿಗೆ ಹೋಗಬೇಡವೆಂದು ಹೇಳುವ ಭಾಷೆ ಅಲ್ಲಿತ್ತು. ಅವನಿದ್ದಾಗ ಹೀಗಿತ್ತು ಎಂದು ಹೇಳುವ ಭಾಷೆ ಇರಲಿಲ್ಲ.

ಕ್ರೌಂಚ ಪಕ್ಷಿಗಳ ಜೋಡಿಯಲ್ಲಿ ಒಂದು ಬೇಡನ ಬಾಣಕ್ಕೆ ಬಿದ್ದುದನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂಬ ಕಥೆ ಎಲ್ಲರಿಗೂ ಗೊತ್ತಿರುವುದೇ. ಆ ಕಥೆಯ ಒಂದು ಅಂಶವನ್ನು ಮಾತ್ರ ಇಲ್ಲಿ ಗಮನಿಸಬೇಕು. ವಾಲ್ಮೀಕಿ ಬಾಣಕ್ಕೆ ಹೆದರಲಿಲ್ಲ, ಉಳಿದ ಹಕ್ಕಿಯ ಕೂಗನ್ನು ಕೇಳಿಸಿಕೊಂಡ. ಭಯ ಶೋಕವಾಗಬೇಕಾದರೆ ಉಳಿದವರ ದನಿಗೆ ಕಿವಿಗೊಡಬೇಕೆಂಬುದು ಅದರ ತಾತ್ಪರ್ಯ.

೩

ಈ ಮಾತು ಬರಿಯ ಶಾಸ್ತ್ರವಿಚಾರವಲ್ಲವೆಂಬುದಕ್ಕೆ ಹೈದರಾಬಾದ್ ನಗರವೇ ಸಾಕ್ಷಿ. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ನಗರವನ್ನು ನುಗ್ಗಿತು. ಮೇಲಿನ ಜಲಾನಯನ ಪ್ರದೇಶದಲ್ಲಿದ್ದ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದು, ಒಂದರ ನೀರು ಇನ್ನೊಂದರ ಏರಿಯನ್ನು ಮುರಿದು, ಒಟ್ಟಾಗಿ ಕೆಳಗಿಳಿದಿತ್ತು. ಸತ್ತವರು ಸುಮಾರು ೧೫,೦೦೦ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಎಣಿಕೆ. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿದ್ದ ಹುಣಿಸೆಯ ಮರವೊಂದನ್ನು ಹತ್ತಿ ಸುಮಾರು ೧೫೦ ಜನ ಜೀವ ಉಳಿಸಿಕೊಂಡರು. ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿ ಆ ಮರ ಈಗಲೂ ಇದೆ. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು ಅರಮನೆಯ ಬಾಗಿಲುಗಳನ್ನು ನಿರಾಶ್ರಿತರಿಗೆ ತೆರೆಸಿದರು. ಊರಲ್ಲಿ ಗಂಜಿಕೇಂದ್ರಗಳು ನಡೆದವು.

ಆ ಪ್ರವಾಹದಲ್ಲಿ ಸಿಕ್ಕಿ ಬದುಕಿದವರಲ್ಲಿ ಒಬ್ಬ ಯುವಕನಿದ್ದ. ಮುಂದೆ ಅಮ್ಜದ್ ಹೈದರಾಬಾದಿ ಎಂದು ಪ್ರಸಿದ್ಧರಾದ ಉರ್ದೂ ಕವಿ ಅವರು. ತಾಯಿ, ಹೆಂಡತಿ, ಮಗಳು ಮೂವರನ್ನೂ ಮೂಸಿಗೆ ಕಳೆದುಕೊಂಡರು. ಕುಟುಂಬದಲ್ಲಿ ಉಳಿದವರು ಅವರೊಬ್ಬರೇ. ಅಲ್ಲಿಂದ ಮುಂದೆ ಐವತ್ತಕ್ಕೂ ಹೆಚ್ಚು ವರ್ಷ, ೧೯೬೧ರವರೆಗೆ, ಅವರು ಅದೇ ನಗರದಲ್ಲಿ ಬಾಳಿದರು. ನದಿಯನ್ನು ಬಿಟ್ಟು ಓಡಲಿಲ್ಲ. ನದಿಯ ಬಗೆಗೆ ಮೌನವನ್ನೂ ತಾಳಲಿಲ್ಲ. ಆ ದಿನವನ್ನು ಕುರಿತು ಕವಿತೆ ಬರೆದರು. ಅನಂತರ ಅವರು ಹೆಸರಾದದ್ದು ರುಬಾಯಿಗಳಿಂದ. ನಾಲ್ಕು ಸಾಲುಗಳ ಆ ಪುಟ್ಟ ಪದ್ಯಗಳಲ್ಲಿ ಅವರು ದೇವರು, ಮನುಷ್ಯ, ಬಾಳಿನ ನಶ್ವರತೆ ಇವನ್ನು ಕುರಿತು ಚಿಂತಿಸಿದರು. ಎಲ್ಲವನ್ನೂ ಕಳೆದುಕೊಂಡ ಮನುಷ್ಯ ಪೂರ್ಣವಾಗಿ ಬದುಕಬಹುದೇ ಎಂಬ ಪ್ರಶ್ನೆಗೆ ಅವರ ಐವತ್ತು ವರ್ಷಗಳ ಬಾಳು ಒಂದು ಉತ್ತರ. ಅದು ಶೋಕವನ್ನು ಮರೆತ ಬಾಳಲ್ಲ, ಶೋಕಕ್ಕೆ ಮಾತು ಕೊಟ್ಟ ಬಾಳು.

ಅದೇ ಪ್ರವಾಹಕ್ಕೆ ಇನ್ನೊಂದು ಬಗೆಯ ಉತ್ತರವೂ ದೊರೆಯಿತು. ಅದನ್ನು ಕೊಟ್ಟವರು ಕನ್ನಡ ನಾಡಿನ ಒಬ್ಬ ಇಂಜಿನಿಯರ್. ೧೯೦೯ರಲ್ಲಿ ನಿಜಾಮ್ ಸರ್ಕಾರದ ಆಹ್ವಾನದ ಮೇರೆಗೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬಂದರು. ಎಲ್ಲಿ ಎಷ್ಟು ಮಳೆಯಾಯಿತು, ಯಾವ ಕೆರೆ ಒಡೆಯಿತು, ನೀರು ಯಾವ ಹಾದಿ ಹಿಡಿಯಿತು ಎಂಬುದನ್ನು ಲೆಕ್ಕ ಹಾಕಿದರು. ನಗರದ ಮೇಲ್ಗಡೆ ಮೂಸಿಗೂ ಅದರ ಉಪನದಿ ಈಸಿಗೂ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಹಿಡಿಯಬೇಕೆಂದೂ, ನಗರದೊಳಗೆ ದಂಡೆಗಳನ್ನೂ ಒಳಚರಂಡಿಯನ್ನೂ ಸರಿಪಡಿಸಬೇಕೆಂದೂ ಸಲಹೆಯಿತ್ತರು. ಆ ಸಲಹೆಯ ಫಲವಾಗಿ ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಪ್ರವಾಹ ತಡೆಯಲೆಂದು ಕಟ್ಟಿದ ಕಟ್ಟೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಜೀವ ತೆಗೆದ ನೀರು ಮುಂದೆ ಎಷ್ಟೋ ತಲೆಮಾರುಗಳ ಬಾಯಾರಿಕೆಯನ್ನು ತಣಿಸಿತು.

ಕವಿಯ ಕಾರ್ಯ, ಇಂಜಿನಿಯರನ ಕಾರ್ಯ ಇವೆರಡೂ ಒಂದೇ ದುಃಖಕ್ಕೆ ದೊರೆತ ಎರಡು ಸಾರ್ಥಕ ಪ್ರತಿಕ್ರಿಯೆಗಳು. ಸತ್ತವರಿಗಾಗಿ ಮಾತನಾಡುವುದು ಒಂದು, ಇನ್ನು ಮುಂದೆ ಹಾಗೆ ಯಾರೂ ಸಾಯದಂತೆ ದುಡಿಯುವುದು ಇನ್ನೊಂದು. ಮೊದಲನೆಯದಿಲ್ಲದೆ ಎರಡನೆಯದು ಬಹುಕಾಲ ನಿಲ್ಲುವುದಿಲ್ಲ. ೧೯೦೮ನ್ನು ಮರೆತ ನಗರ ಕೆರೆಗಳ ಅಂಗಳದಲ್ಲಿಯೂ ನದಿಯ ಪಾತ್ರದಲ್ಲಿಯೂ ಮನೆ ಕಟ್ಟುತ್ತ ಹೋಯಿತು. ೨೦೨೦ರ ಅಕ್ಟೋಬರಿನ ಭಾರೀ ಮಳೆಗೆ ಹೈದರಾಬಾದಿನ ಹಲವು ಬಡಾವಣೆಗಳು ಮುಳುಗಿ ಜನ ಸತ್ತಾಗ ಆ ಮರೆವಿನ ಬೆಲೆ ಮತ್ತೊಮ್ಮೆ ತಿಳಿಯಿತು. ನೆನಪು ಅಳಿದ ಕಡೆ ಕಟ್ಟೆಯೂ ಕಾಯಲಾರದು.

೪

'ಪೂರ್ಣವಾಗಿ ಬದುಕು' ಎಂಬ ಮಾತು ಇಂದು ವಿದ್ಯಾರ್ಥಿಗಳ ಬಾಯಲ್ಲಿ ಬಹಳವಾಗಿ ಕೇಳಿಬರುತ್ತದೆ. ಬಿಯಾಸ್ ದುರಂತದ ಅನಂತರ ಆ ವಿದ್ಯಾರ್ಥಿನಿಯ ವಸತಿಗೃಹದಲ್ಲಿಯೂ ಈ ಮಾತು ನಡೆಯಿತು. ಅಲ್ಲಿ ಎರಡು ಪಕ್ಷಗಳಾದವು. ನಾಳೆ ಎಂಬುದು ಯಾರ ಕೈಯಲ್ಲಿಯೂ ಇಲ್ಲ, ಆದ್ದರಿಂದ ಇರುವಾಗಲೇ ಎಲ್ಲವನ್ನೂ ಅನುಭವಿಸಿಬಿಡಬೇಕು ಎಂಬುದು ಒಂದು ಪಕ್ಷ. ನಾಳೆ ಎಂಬುದು ಯಾರ ಕೈಯಲ್ಲಿಯೂ ಇಲ್ಲ, ಆದ್ದರಿಂದ ಎಲ್ಲಿಗೂ ಹೋಗದೆ ಜೋಪಾನವಾಗಿರಬೇಕು ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ಆದರೆ ಬೇರು ಒಂದೇ. ಎರಡರಲ್ಲಿಯೂ ಮನುಷ್ಯ ತನ್ನ ಪಾಲನ್ನು ಮಾತ್ರ ಎಣಿಸುತ್ತಿದ್ದಾನೆ. ಒಬ್ಬ ಇದ್ದುದನ್ನು ಬೇಗ ವೆಚ್ಚ ಮಾಡುತ್ತಾನೆ, ಇನ್ನೊಬ್ಬ ಹೂತಿಡುತ್ತಾನೆ. ಎರಡೂ ಭಯದ ಮಕ್ಕಳೇ.

ಕನ್ನಡ ಪರಂಪರೆ ಈ ಎರಡಕ್ಕಿಂತ ಭಿನ್ನವಾದ ಮೂರನೆಯ ದಾರಿಯನ್ನು ಬಲ್ಲದು. ನಾಡಿನ ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ಚಿತ್ರ, ಮೇಲೆ ದೇವಸನ್ನಿಧಿ. ಅಲ್ಲಿ ಸಾವಿನ ಭೀಕರತೆ ಒಂದು ಪಟ್ಟಿಕೆ ಮಾತ್ರ. ಆ ಮನುಷ್ಯ ಯಾರಿಗಾಗಿ ಸತ್ತ, ತುರುಗಳಿಗಾಗಿಯೋ ಊರಿಗಾಗಿಯೋ ಹೆಣ್ಣುಮಕ್ಕಳ ಮಾನಕ್ಕಾಗಿಯೋ ಎಂಬುದೇ ಶಾಸನದ ಮುಖ್ಯ ವಿಷಯ. ಬಿಯಾಸ್ ನದಿಯಲ್ಲಿಯೂ ಗೆಳೆಯರನ್ನು ದಡಕ್ಕೆ ತಳ್ಳಿ ತಾನು ಕೊಚ್ಚಿಹೋದ ಹುಡುಗನಿದ್ದನೆಂದು ಬದುಕಿ ಬಂದವರು ಹೇಳಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ದೂರದರ್ಶನದ ದೃಶ್ಯ ನೂರು ಸಲ ಓಡಿತು. ಈ ಮಾತು ಒಂದೆರಡು ದಿನ ಮಾತ್ರ ಕೇಳಿಬಂತು. ಹಿಂದಿನ ಶಿಲ್ಪಿಯಾಗಿದ್ದರೆ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಕಲ್ಲಿಗೆ ಏರಿಸುತ್ತಿದ್ದ ಎಂದರೆ ತಪ್ಪಾಗಲಾರದು.

ಶೋಕವೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲವೆಂಬುದನ್ನು ರಾಘವಾಂಕನ ಹರಿಶ್ಚಂದ್ರಕಾವ್ಯ ಮನಗಾಣಿಸುತ್ತದೆ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಚಂದ್ರಮತಿ ಇರುಳಲ್ಲಿ ಕಾಡಿನಲ್ಲಿ ಹುಡುಕುತ್ತಾಳೆ, ಕಂಡು ಅಳುತ್ತಾಳೆ. ಕನ್ನಡ ಕಾವ್ಯದಲ್ಲಿ ಅಷ್ಟು ತುಂಬಿದ ಎದೆಯ ಅಳು ಹೆಚ್ಚಿಲ್ಲ. ಆದರೆ ಅಳುತ್ತಲೇ ಅವಳು ಮಗನನ್ನು ಎತ್ತಿಕೊಂಡು ಸುಡುಗಾಡಿನ ದಾರಿ ಹಿಡಿಯುತ್ತಾಳೆ. ಅಲ್ಲಿ ಕಾವಲಿರುವ ಹರಿಶ್ಚಂದ್ರನೂ ತನ್ನ ಕೆಲಸವನ್ನು ಬಿಟ್ಟುಕೊಡುವುದಿಲ್ಲ. ಅಳು ಒಂದು ಕಡೆ, ಮಾಡಬೇಕಾದದ್ದು ಇನ್ನೊಂದು ಕಡೆ ಎಂದು ಅಲ್ಲಿ ಬೇರ್ಪಡುವುದಿಲ್ಲ. ಕರುಣರಸದ ಈ ಸತ್ವವನ್ನು ಬಿಟ್ಟು ಲಕ್ಷಣವನ್ನು ಮಾತ್ರ ಪಾಠ ಮಾಡಿದರೆ ವಿದ್ಯಾರ್ಥಿಗೆ ದಕ್ಕುವುದು ಒಣ ಪಟ್ಟಿಯಷ್ಟೇ.

ಇನ್ನು ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಸಮಯದಲ್ಲಿ ಹಾಡುವ ರಿವಾಯತ್ ಪದಗಳನ್ನು ನೆನೆಯಬೇಕು. ಕರ್ಬಲೆಯ ಮರುಭೂಮಿಯಲ್ಲಿ ಹದಿಮೂರು ಶತಮಾನಗಳಿಗೂ ಹಿಂದೆ ನೀರಿಲ್ಲದೆ ಬಾಯಾರಿ ಮಡಿದವರಿಗಾಗಿ ಬೀದರ, ಕಲಬುರಗಿ, ರಾಯಚೂರು ಸೀಮೆಯ ಒಕ್ಕಲು ಮಕ್ಕಳು, ಹಿಂದೂಗಳೂ ಮುಸಲ್ಮಾನರೂ ಜೊತೆಗೂಡಿ, ಕನ್ನಡದಲ್ಲಿ ಅಳುತ್ತಾರೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಹೈದರಾಬಾದಿನಲ್ಲಿ ಅದೇ ದಿನ ಬೀಬಿ ಕಾ ಆಲಂ ಮೆರವಣಿಗೆ ಹಳೆಯ ನಗರವನ್ನು ಹಾಯ್ದು ಮೂಸಿ ದಂಡೆಯ ಚಾದರ್‌ಘಾಟಿನಲ್ಲಿ ಮುಗಿಯುತ್ತದೆ. ತಮಗೆ ಸಂಬಂಧವಿಲ್ಲದವರ ಸಾವನ್ನು ತಮ್ಮದಾಗಿಸಿಕೊಳ್ಳುವ ಈ ವಿದ್ಯೆಯನ್ನು ಅಕ್ಷರ ಬಾರದ ಜನ ಬಲ್ಲರು. ಅದು ಭಯದ ಆಚರಣೆಯಲ್ಲ. ಬಾಲ್ಯದಲ್ಲಿ ಈ ಪದಗಳನ್ನು ಕೇಳುತ್ತ ಬೆಳೆದ ಆ ವಿದ್ಯಾರ್ಥಿನಿಗೆ ಅಣ್ಣನ ಸಾವನ್ನು ಹೇಳುವ ಮಾತು ಮನೆಯಲ್ಲಿ ಸಿಕ್ಕಿರಲಿಲ್ಲ. ಓಣಿಯಲ್ಲಿ ಮಾತ್ರ ಅದು ಇದ್ದೇ ಇತ್ತು.

ಈ ಹಿನ್ನೆಲೆಯಲ್ಲಿ ನೋಡಿದಾಗ ಪೂರ್ಣವಾಗಿ ಬದುಕುವುದೆಂದರೆ ಸುಖದ ಮೊತ್ತವನ್ನು ಹೆಚ್ಚಿಸಿಕೊಳ್ಳುವುದಲ್ಲ, ಆಯುಷ್ಯವನ್ನು ಕಾಪಿಟ್ಟುಕೊಳ್ಳುವುದೂ ಅಲ್ಲ. ಕಳೆದುಕೊಂಡವರನ್ನು ತನ್ನ ಬಾಳಿನ ಒಳಗೆ ಸೇರಿಸಿಕೊಂಡು, ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸುತ್ತ ಮುಂದೆ ನಡೆಯುವುದು. ಹಾಗೆ ನಡೆಯುವವನ ಬದುಕು ಎಷ್ಟೇ ಚಿಕ್ಕದಾದರೂ ಅರೆಯಾಗುವುದಿಲ್ಲ.

೫

ಇಲ್ಲಿ ವಿದ್ಯಾಸಂಸ್ಥೆಗಳ ಹೊಣೆ ಏನು ಎಂಬ ಪ್ರಶ್ನೆ ಏಳುತ್ತದೆ. ದುರಂತದ ಸುದ್ದಿ ಬಂದೊಡನೆ ಅನೇಕ ಕಡೆ ಮೊದಲು ನಡೆಯುವ ಕೆಲಸವೆಂದರೆ ಪ್ರವಾಸಗಳನ್ನು ರದ್ದುಪಡಿಸುವುದು. ಇದು ಸುಲಭವಾದ ಕ್ರಮ. ಭಯ ಸೂಚಿಸುವ ಕ್ರಮವೂ ಹೌದು. ನದಿಗೆ ಹೋಗಕೂಡದೆಂಬುದು ನಿಷೇಧ. ನೀರು ಬಿಡುವ ಮುನ್ನ ಎಚ್ಚರಿಕೆಯ ಸೈರನ್ ಕೂಗಬೇಕು, ದಂಡೆಯಲ್ಲಿ ಫಲಕವಿರಬೇಕು, ಮಕ್ಕಳೊಡನೆ ಆ ಸ್ಥಳವನ್ನು ಬಲ್ಲವರಿರಬೇಕು ಎಂಬುದು ಹೊಣೆ. ಬಿಯಾಸ್ ಪ್ರಕರಣವನ್ನು ವಿಚಾರಿಸಿದ ಹಿಮಾಚಲ ಪ್ರದೇಶದ ಹೈಕೋರ್ಟು ೨೦೧೬ರಲ್ಲಿ ಮೃತ ವಿದ್ಯಾರ್ಥಿಗಳ ಕುಟುಂಬಗಳಿಗೆ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ೨೦೧೫ರಲ್ಲಿ ಆವರಣದ ಒಳಗೂ ಹೊರಗೂ ವಿದ್ಯಾರ್ಥಿಗಳ ಸುರಕ್ಷತೆ ಹೇಗಿರಬೇಕೆಂಬ ಮಾರ್ಗಸೂಚಿಗಳನ್ನು ಹೊರಡಿಸಿತು. ಇವು ಅಗತ್ಯವಾದ ಹೆಜ್ಜೆಗಳು. ಆದರೆ ಸುತ್ತೋಲೆ ಕಡತ ಸೇರಿದ ಮೇಲೆ ಅದನ್ನು ಜೀವಂತವಾಗಿಡುವುದು ಸತ್ತವರ ನೆನಪೇ ಹೊರತು ಬೇರೆ ಯಾವುದೂ ಅಲ್ಲ.

ಭಾಷಾ ವಿಭಾಗಗಳ ಹೊಣೆ ಇನ್ನೂ ಸೂಕ್ಷ್ಮವಾದುದು. ಇಂಜಿನಿಯರಿಂಗ್ ವಿಭಾಗ ಕಟ್ಟೆಯನ್ನು ಕುರಿತು ಯೋಚಿಸಲಿ, ಆಡಳಿತ ನಿಯಮವನ್ನು ಕುರಿತು ಯೋಚಿಸಲಿ. ಶೋಕದ ಭಾಷೆಯನ್ನು ಉಳಿಸಿಕೊಡಬೇಕಾದವರು ಭಾಷೆಯನ್ನು ಕಲಿಸುವವರು. ಭೀಕರವಾದ ಸುದ್ದಿ ಬಂದ ದಿನ ಪಠ್ಯಕ್ರಮ ಹಿಂದುಳಿದೀತೆಂಬ ಆತುರದಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಪಾಠ ಮುಂದುವರಿಸುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ. ಎರಡು ನಿಮಿಷದ ಮೌನವೂ ಹಲವು ವೇಳೆ ಆ ಮಾತನ್ನು ಮುಗಿಸಿಬಿಡುವ ಉಪಾಯವಾಗಿಬಿಡುತ್ತದೆ. ಒಂದು ತಾಸು ಚಂದ್ರಮತಿಯ ಪ್ರಲಾಪವನ್ನು ಓದಿ, ಮಾತನಾಡಬೇಕೆನಿಸಿದವರಿಗೆ ಮಾತನಾಡಲು ಬಿಟ್ಟು, ಉಳಿದವರು ಕೇಳಿಸಿಕೊಂಡರೆ ಅದಕ್ಕಿಂತ ಸಾರ್ಥಕವಾದ ಕಾವ್ಯಪಾಠ ಬೇರೊಂದಿಲ್ಲ. ಇದರಿಂದ ಪಠ್ಯಕ್ರಮಕ್ಕೆ ಕುಂದಿಲ್ಲ. ಆ ಪ್ರಲಾಪವನ್ನು ಪಠ್ಯದಲ್ಲಿ ಇಟ್ಟಿರುವುದೇ ಇದಕ್ಕಾಗಿ.

ತರಗತಿ ಚಿಕಿತ್ಸಾಲಯವಲ್ಲ, ಅಧ್ಯಾಪಕ ವೈದ್ಯನಲ್ಲ ಎಂಬ ಆಕ್ಷೇಪ ಇದಕ್ಕೆ ಬರಬಹುದು. ಆಕ್ಷೇಪದಲ್ಲಿ ಸತ್ಯವಿದೆ. ನಿದ್ದೆಗೆಟ್ಟು, ಊಟ ಬಿಟ್ಟು, ಭಯದಿಂದ ಕುಗ್ಗಿಹೋದ ವಿದ್ಯಾರ್ಥಿಯನ್ನು ಬಲ್ಲ ವೈದ್ಯರ ಬಳಿಗೆ ಕಳಿಸಬೇಕು. ಕಾವ್ಯವನ್ನು ಔಷಧಿಯೆಂದು ಸಾರುವುದು ಅಹಂಕಾರವಾದೀತು. ಆದರೆ ಎಲ್ಲ ದುಃಖವೂ ರೋಗವಲ್ಲ. ದುಃಖವನ್ನು ಹೇಳಿಕೊಳ್ಳಲು ಮಾತು ಸಿಕ್ಕದೆ ಹೋದಾಗ ಅದು ರೋಗವಾಗುವ ಸಂಭವವುಂಟು. ಅಲ್ಲಿಗೆ ತಲುಪುವ ಮುನ್ನ ದೊರೆಯಬೇಕಾದ ಮಾತು ಮನೆಯಲ್ಲಿ, ಓಣಿಯಲ್ಲಿ, ತರಗತಿಯಲ್ಲಿ ದೊರೆಯಬೇಕು.

ಆ ವಿದ್ಯಾರ್ಥಿನಿಯ ಚಿಂತನೆ ಕಡೆಗೆ ಎಲ್ಲಿಗೆ ಮುಟ್ಟಿತು ಎಂಬುದನ್ನು ಹೇಳಿ ಈ ವಿಚಾರವನ್ನು ಮುಗಿಸಬಹುದು. ಬಿಯಾಸ್ ನದಿಯಲ್ಲಿ ತೀರಿಕೊಂಡ ೨೪ ಮಂದಿಯ ಹೆಸರುಗಳನ್ನು ಅವಳು ಪತ್ರಿಕೆಯಿಂದ ತನ್ನ ಟಿಪ್ಪಣಿ ಪುಸ್ತಕಕ್ಕೆ ಒಂದೊಂದಾಗಿ ಬರೆದುಕೊಂಡಳು. ಬರೆಯಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಕೊನೆಗೆ ಒಂದು ಸಾಲು ಬಿಟ್ಟು ಅಣ್ಣನ ಹೆಸರನ್ನೂ ಬರೆದಳು. ಪರೀಕ್ಷೆ ಮುಗಿದ ದಿನ ಅಫ್ಜಲ್‌ಗಂಜಿನಲ್ಲಿ ಬಸ್ಸಿಳಿದು ಆಸ್ಪತ್ರೆಯ ಅಂಗಳಕ್ಕೆ ಹೋಗಿ ಆ ಹುಣಿಸೆಮರವನ್ನು ನೋಡಿದಳು. ರೋಗಿಗಳ ಕಡೆಯವರು ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಸಂಜೆ ತಾಯಿಗೆ ಫೋನು ಮಾಡಿ, "ಅವ್ವಾ, ಅಣ್ಣಗ ಈಸಲಿಕ್ಕಿ ಯಾರು ಕಲಿಸಿದ್ರು?" ಎಂದು ಕೇಳಿದಳು.

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಅನಂತರ ತಾಯಿ ಹೇಳತೊಡಗಿದಳು. ಅವನಿಗೆ ಈಸು ಕಲಿಸಿದ್ದು ಯಾರು, ಬೆನ್ನಿಗೆ ಕಟ್ಟಿದ ಸೋರೆಬುರುಡೆ ಯಾರ ಮನೆಯದು, ಮೊದಲ ದಿನ ಎಷ್ಟು ನೀರು ಕುಡಿದಿದ್ದ, ಮನೆಗೆ ಬಂದು ಎಷ್ಟು ರೊಟ್ಟಿ ತಿಂದಿದ್ದ. ಹೇಳುತ್ತ ಹೇಳುತ್ತ ನಕ್ಕಳು, ನಕ್ಕವಳು ಅತ್ತಳು. ಮಗಳೂ ಅತ್ತಳು. ಹದಿಮೂರು ವರ್ಷಗಳ ಅನಂತರ ಆ ಮನೆಯಲ್ಲಿ ಅವನ ಹೆಸರು ಮತ್ತೆ ಕೇಳಿಸಿತು. ಮುಂದಿನ ಚಳಿಗಾಲದಲ್ಲಿ ತರಗತಿಯವರೆಲ್ಲ ಮಳಖೇಡಕ್ಕೆ ಪ್ರವಾಸ ಹೊರಟಾಗ ತಾಯಿ ಬೇಡವೆನ್ನಲಿಲ್ಲ. ಕಾಗಿಣಾ ನದಿಯ ದಂಡೆಗೆ ಇಳಿಯುವುದಾದರೆ ಊರಿನವರನ್ನು ಕೇಳಿಕೊಂಡು ಇಳಿಯಬೇಕೆಂದು ಮಾತ್ರ ಹೇಳಿದಳು.